ಶನಿವಾರದ ಕೊನೆಯ ಸಾಲು

ಗುಮಾಸ್ತಣ್ಣ ತೀರಿಕೊಂಡ ಸುದ್ದಿ ಚೂರಿನ ಕೋಣೆಗೆ ಬಂದದ್ದು ಬೆಳಗಿನ ಹತ್ತು ಗಂಟೆಗೆ, ಬಾಗಿಲು ಕಾಯುವ ಮುದುಕನ ಬಾಯಲ್ಲಿ. ಸೂಜಿ ಅಕ್ಕ ಆಗ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕತ್ತರಿಸುವ ಯಂತ್ರದಿಂದ ಬಿದ್ದ ಕಾಗದದ ಅಂಚುಗಳನ್ನು ಮೂಟೆಗೆ ತುಳಿದು ತುಂಬುತ್ತಿದ್ದಳು. ಮುದುಕ ಒಳಗೆ ಬರಲಿಲ್ಲ. ಆ ಕೋಣೆಯ ಧೂಳಿಗೆ ಹೆದರಿ ಯಾರೂ ಬರುತ್ತಿರಲಿಲ್ಲ. ಹೊಸ್ತಿಲಾಚೆಯೇ ನಿಂತು, "ಅಕ್ಕಾ, ಸ್ವಲ್ಪ ಕೈ ನಿಲ್ಸಮ್ಮ. ಗುಮಾಸ್ತರು ಹೋಗ್ಬಿಟ್ರಂತೆ," ಎಂದ.

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ ಏನು ಹೇಳ್ಲಿ? ಎಲ್ರೂ ಹೋಗೋ ಕಡೆಗೇ." ಮುದುಕ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಕೆಲಸಕ್ಕೆ ಹೊರಡೋಕೆ ಅಂತ ಬೂಟಿನ ದಾರ ಕಟ್ಟೋಕೆ ಬಗ್ಗಿದ್ರಂತೆ. ಹಾಗೇ ಮುಗ್ಗರಿಸಿದವರು ಏಳಲೇ ಇಲ್ಲ."

ಅವಳು ಅರ್ಧ ತುಂಬಿದ ಮೂಟೆಯ ಮೇಲೆ ಕುಸಿದು ಕುಳಿತಳು. ಮೊದಲು ದೇವರನ್ನು ನೆನೆದಳು. ಎರಡನೆಯದಾಗಿ ಮನಸ್ಸಿಗೆ ಬಂದ ಮಾತು ಅವಳಿಗೇ ನಾಚಿಕೆ ತಂದಿತು. ಅವಳ ದೂರಿನ ವಿಚಾರಣೆಗೆ ಇನ್ನು ಹನ್ನೊಂದೇ ದಿನ. ನನ್ನ ಸಾಕ್ಷಿ ಹೋದನಲ್ಲ ಎಂಬುದು ಆ ಮಾತು. ಹೆಣ ಇನ್ನೂ ಮನೆಯಲ್ಲಿರುವಾಗಲೇ ನನ್ನ ಬೇಳೆ ಬೇಯಿಸಿಕೊಳ್ಳುವ ಯೋಚನೆ ಬಂತಲ್ಲ, ಎಂಥ ಹಾಳು ಮನಸ್ಸು ಎಂದು ತನ್ನನ್ನೇ ಬೈದುಕೊಂಡು, ಮೂಗಿನ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡು ಅತ್ತಳು.

ಅವಳು ಆ ಪುಸ್ತಕ ಕಟ್ಟುವ ಕಾರ್ಖಾನೆಗೆ ಸೇರಿ ಇಪ್ಪತ್ತೇಳು ವರ್ಷವಾಗಿತ್ತು. ಹದಿನಾರು ಪುಟಕ್ಕೊಂದರಂತೆ ಮಡಿಸಿದ ಫಾರಂಗಳನ್ನು ಜೋಡಿಸಿ ಬೆನ್ನಿಗೆ ಹೊಲಿಗೆ ಹಾಕುವುದು ಅವಳ ಕೆಲಸ. ದಪ್ಪ ನಿಘಂಟಾಗಲಿ, ಮಕ್ಕಳ ಪಾಠದ ಪುಸ್ತಕವಾಗಲಿ, ಅವಳು ಹೊಲಿದದ್ದು ಬಿಚ್ಚಿಕೊಂಡಿತು ಎಂದು ಯಾರೂ ವಾಪಸು ತಂದಿರಲಿಲ್ಲ. ಅದಕ್ಕೇ ಸೂಜಿ ಅಕ್ಕ ಎಂಬ ಹೆಸರು ಬಿದ್ದು, ಕಡೆಗೆ ಗಂಡನೂ ಹಾಗೆಯೇ ಕರೆಯತೊಡಗಿದ್ದ. ಗಡಿಯಾರ ರಿಪೇರಿ ಮಾಡುವ ಅವನಿಗೆ ಅಷ್ಟು ಸಲಿಗೆ ಇರಲಿ ಎಂದು ಅವಳು ಸುಮ್ಮನಿದ್ದಳು.

ಹೊಲಿಗೆಯ ವಿಭಾಗದಲ್ಲಿ ಹದಿನೆಂಟು ಹೆಂಗಸರು, ಅವರ ಮೇಲೊಬ್ಬ ಮೇಲ್ವಿಚಾರಕ. ಆ ಕುರ್ಚಿಗೆ ಯಾವಾಗಲೂ ಕತ್ತರಿಸುವ ವಿಭಾಗದ ಗಂಡಸೇ ಬರುತ್ತಿದ್ದ. ಬಂದವನಿಗೆ ಹೊಲಿಗೆ ಎಂದರೇನು ಎಂದು ಹೇಳಿಕೊಡುವವಳು ಸೂಜಿ ಅಕ್ಕ. ಹೀಗೆ ಮೂವರಿಗೆ ಕಲಿಸಿದಳು. ನಾಲ್ಕನೆಯ ಸಲ ಕುರ್ಚಿ ಖಾಲಿಯಾದಾಗ ತಾನೇ ಅರ್ಜಿ ಹಾಕಿದಳು. ಮ್ಯಾನೇಜರ್ ಅರ್ಜಿಯನ್ನು ಪೂರ್ತಿ ಓದದೆಯೇ ನಕ್ಕ. "ನಿಮಗ್ಯಾಕಮ್ಮ ಈ ತಲೆನೋವು? ಹೆಂಗಸು ಮೇಲೆ ಕೂತ್ರೆ ಆ ಕಟಿಂಗ್ ಗಂಡಸರು ಮಾತು ಕೇಳ್ತಾರಾ? ಅದೂ ಅಲ್ದೆ ನಿಮಗೆ ವಯಸ್ಸಾಯ್ತು." ಕುರ್ಚಿ ಇಪ್ಪತ್ತಾರು ವರ್ಷದ ಒಬ್ಬನಿಗೆ ಹೋಯಿತು. ಅವನು ಬಂದ ಮೊದಲ ದಿನ ಸೂಜಿಯನ್ನು ಪೆನ್ನು ಹಿಡಿದ ಹಾಗೆ ಹಿಡಿದಿದ್ದ.

ಕುರ್ಚಿ ಕೈತಪ್ಪಿದ ದಿನ ಊಟದ ಹೊತ್ತಿಗೆ ಅವಳು ಕಚೇರಿಯ ಕಿಟಕಿಯ ಬಳಿ ಹೋಗಿ ಕುಳಿತಳು. ಒಳಗೆ ಗುಮಾಸ್ತಣ್ಣನ ಮೇಜು. ಅವಳಿಗಿಂತ ಹತ್ತು ವರ್ಷ ದೊಡ್ಡವನು. ಅವಳು ಸೇರಿದ ದಿನ ಹಾಜರಿ ಪುಸ್ತಕದಲ್ಲಿ ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದವನು ಅವನೇ. ಒಡಹುಟ್ಟಿದ ಅಣ್ಣನಿಲ್ಲದ ಅವಳು ಅವನನ್ನು ಅಣ್ಣ ಎಂದಳು, ಅವನು ತಂಗಿ ಎಂದ. ಇಪ್ಪತ್ತೇಳು ವರ್ಷ ಆ ಕಿಟಕಿಯ ಆಚೆಗೊಬ್ಬರು ಈಚೆಗೊಬ್ಬರು ಕುಳಿತು ಡಬ್ಬಿ ಬಿಚ್ಚಿದ್ದರು.

"ಕಾರ್ಮಿಕ ಇಲಾಖೆಗೆ ದೂರು ಕೊಡ್ತೀನಿ ಅಣ್ಣ," ಎಂದಳು. "ಬರೆದಿಟ್ಟಿದ್ದೀನಿ. ನೋಡ್ತೀಯಾ?"

ಅವನು ಕನ್ನಡಕ ಏರಿಸಿ ಎರಡು ಸಲ ಓದಿದ. "ಇಲ್ಲಿ 'ಅನ್ಯಾಯ' ಅಂತ ಬರೀಬೇಡ. 'ತಾರತಮ್ಯ' ಅಂತ ಬರಿ. ಅನ್ಯಾಯ ಅಂದ್ರೆ ದೇವರಿಗೆ ಗೊತ್ತಾಗುತ್ತೆ, ತಾರತಮ್ಯ ಅಂದ್ರೆ ಕಾನೂನಿಗೆ ಗೊತ್ತಾಗುತ್ತೆ," ಎಂದು ತನ್ನ ಪೆನ್ನಿನಿಂದಲೇ ತಿದ್ದಿಕೊಟ್ಟ. "ಒಬ್ಬಳೇ ಅಂತ ಅಂದ್ಕೋಬೇಡ. ನಾನಿದ್ದೀನಲ್ಲ."

ದೂರು ಕೊಟ್ಟದ್ದು ಹನ್ನೊಂದನೆಯ ತಾರೀಕು, ಮಂಗಳವಾರ. ಇಪ್ಪತ್ತನೆಯ ತಾರೀಕು ಗುರುವಾರ, ಗುಮಾಸ್ತಣ್ಣನೇ ಕಿಟಕಿಯಿಂದ ಒಂದು ಕಾಗದ ನೀಡಿದ. ತಲೆ ಎತ್ತಲಿಲ್ಲ. 'ಆಡಳಿತದ ಅನುಕೂಲಕ್ಕಾಗಿ' ಅವಳನ್ನು ಹೊಲಿಗೆಯಿಂದ ಚೂರಿನ ಕೋಣೆಗೆ ಹಾಕಲಾಗಿದೆ ಎಂದು ಅದರಲ್ಲಿತ್ತು. ಇಪ್ಪತ್ತೇಳು ವರ್ಷ ಸೂಜಿ ಹಿಡಿದ ಕೈ ಮಾರನೆಯ ದಿನದಿಂದ ಕಸದ ಮೂಟೆ ಕಟ್ಟಿತು. ತಿಂಗಳಾಗುವುದರೊಳಗೆ ಕೆಮ್ಮು ಅಂಟಿತು.

ಇಲಾಖೆ ಗೊತ್ತುಮಾಡಿಕೊಟ್ಟ ವಕೀಲೆ ಸಣ್ಣ ಪ್ರಾಯದವಳು, ಆದರೆ ಮಾತು ತೂಗಿ ಆಡುವವಳು. "ಇದರಲ್ಲಿ ಎರಡು ತಪ್ಪಿವೆ ಅಮ್ಮ," ಎಂದು ಅವಳು ಮೊದಲ ದಿನವೇ ಬಿಡಿಸಿ ಹೇಳಿದ್ದಳು. "ಹೆಂಗಸು ಅಂತ ಕುರ್ಚಿ ಕೊಡ್ಲಿಲ್ಲ, ಅದು ಒಂದು. ಕೇಳಿದ್ದಕ್ಕೆ ಕಸದ ಕೋಣೆಗೆ ಹಾಕಿದ್ರು, ಅದು ಇನ್ನೊಂದು. ಮೊದಲನೇದರಲ್ಲಿ ಸೋತ್ರೂ ಎರಡನೇದರಲ್ಲಿ ಗೆಲ್ಲಬಹುದು. ದೂರು ಕೊಟ್ಟವರ ಮೇಲೆ ಸೇಡು ತೀರಿಸ್ಕೊಳ್ಳೋ ಹಾಗಿಲ್ಲ. ದೂರಿನ ಹಿಂದೆಯೇ ಶಿಕ್ಷೆ ಬಂದ್ರೆ, ಅದು ಸೇಡಲ್ಲ ಅಂತ ಅವರೇ ತೋರಿಸಬೇಕು."

"ತೋರಿಸ್ತಾರಾ?"

"ಆದೇಶಕ್ಕೆ ಎಂಟನೇ ತಾರೀಕು ಹಾಕಿದ್ದಾರೆ. ದೂರಿಗಿಂತ ಮೂರು ದಿನ ಮುಂಚೆ. ಅದು ನಿಜ ಅಂತಾದ್ರೆ ನಮ್ಮ ಕೇಸು ಅಲ್ಲಿಗೆ ಮುಗೀತು."

"ಸುಳ್ಳು! ಅಣ್ಣ ಕೊಟ್ಟಿದ್ದು ಇಪ್ಪತ್ತಕ್ಕೆ. ಅವನಿಗೆ ಎಲ್ಲಾ ಗೊತ್ತು. ಅವನೇ ಬಂದು ಹೇಳ್ತಾನೆ."

ಆ ಅಣ್ಣನೇ ಈಗ ಇಲ್ಲ.

ಮಧ್ಯಾಹ್ನ ಕಾರ್ಖಾನೆಗೆ ರಜೆ ಕೊಟ್ಟರು. ಅವಳು ಗುಮಾಸ್ತಣ್ಣನ ಮನೆಗೆ ಹೋದಾಗ ಮೆಟ್ಟಿಲ ತುಂಬ ಚಪ್ಪಲಿ ಬೂಟುಗಳು, ಒಳಗೆ ಪಿಸುಮಾತು. ಹಾಸಿಗೆಯ ಮೇಲೆ ಅವನು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕಚೇರಿಗೆ ಹೊರಟವನ ಹಾಗೆಯೇ ಮಲಗಿದ್ದ. ಒಂದು ಕಾಲಿಗೆ ಮಾತ್ರ ಕಾಲುಚೀಲವಿತ್ತು. ಅದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಅತ್ತಿಗೆಯ ಮಡಿಲಿಗೆ ತಲೆಯಿಟ್ಟಳು. ಸಮಾಧಾನ ಹೇಳಲು ಹೋದವಳಿಗೆ ಅತ್ತಿಗೆಯೇ ಸಮಾಧಾನ ಹೇಳಬೇಕಾಯಿತು.

"ಅಳಬೇಡ ತಂಗಿ. ನಿಮ್ಮಣ್ಣ ನಿನ್ನ ಕೆಲಸ ಮುಗಿಸಿಯೇ ಹೋದ್ರು," ಎಂದಳು ಅತ್ತಿಗೆ, ಅವಳ ಬೆನ್ನು ಸವರುತ್ತ. "ಹದಿನೈದು ದಿನದ ಹಿಂದೆ ನೋಡು, ಸಂಜೆ ಬಂದವರು ಊಟ ಬೇಡ ಅಂದ್ರು. ಯಾಕೆ ಅಂದೆ. 'ತಂಗಿ ಕೇಸಿಗೆ ಹೇಳಿಕೆ ಬರೆದು ಸಹಿ ಹಾಕಿ ಬಂದೆ' ಅಂದ್ರು. ಪುಣ್ಯದ ಕೆಲಸ ಮಾಡಿ ಬಂದು ಹಸಿದು ಮಲಗ್ತೀರಾ ಅಂತ ನಾನೇ ಬೈದೆ."

"ಹೇಳಿಕೆ ಬರೆದುಕೊಟ್ಟಿದ್ನಾ? ನನಗೆ ಹೇಳಲೇ ಇಲ್ವಲ್ಲ."

"ಹೇಳಿಕೊಂಡು ತಿರುಗೋ ಮನುಷ್ಯನೇ ಅವರು? ಹೋದ ವಾರ ಇನ್ನೆರಡು ವರ್ಷ ಕೆಲಸ ಮುಂದುವರಿಸಿ ಕಾಗದ ಕೊಟ್ರು, ಅದನ್ನೂ ಹೇಳಿರಲಿಲ್ಲ. ಅಂಗಿ ಒಗೆಯೋವಾಗ ಜೇಬಲ್ಲಿ ಸಿಕ್ತು. ಎಲ್ರಿಗೂ ಅರವತ್ತಕ್ಕೆ ಮನೆಗೆ ಕಳಿಸ್ತಾರೆ, ಇವರನ್ನ ಮಾತ್ರ ಇಟ್ಕೊಂಡ್ರು. ಏನು ಬಂತು, ಆಯಸ್ಸೇ ಇರಲಿಲ್ಲ."

ಸೂಜಿ ಅಕ್ಕ ಶವದ ಪಾದ ಮುಟ್ಟಿ ನಮಸ್ಕರಿಸಿದಳು. ಸಾಯುವ ಮೊದಲು ನನಗಾಗಿ ಬರೆದಿಟ್ಟು ಹೋದನಲ್ಲ ಎಂದು ಎದೆ ತುಂಬಿ ಬಂತು. ಮನೆಗೆ ಬರುವ ದಾರಿಯುದ್ದಕ್ಕೂ ಗಂಡನಿಗೆ ಅದನ್ನೇ ಹೇಳಿದಳು. ಗಂಡ, "ಒಳ್ಳೆಯವರಿಗೆ ದೇವರು ಕೀಲಿ ಕಡಿಮೆ ಕೊಟ್ಟು ಕಳಿಸ್ತಾನೆ," ಎಂದ. ಅವನ ದುಃಖಕ್ಕೂ ಗಡಿಯಾರದ ಮಾತೇ ಬೇಕು.

ಮೂರನೆಯ ದಿನ ವಕೀಲೆ ಕರೆಸಿದಳು. ಕಾರ್ಖಾನೆಯವರು ಇಲಾಖೆಗೆ ಸಲ್ಲಿಸಿದ ಕಾಗದಗಳ ನಕಲು ಅವಳ ಮೇಜಿನ ಮೇಲಿತ್ತು.

"ಗುಮಾಸ್ತರ ಹೇಳಿಕೆ ಇದೆ ಅಲ್ವಾ ಅದರಲ್ಲಿ?" ಎಂದು ಸೂಜಿ ಅಕ್ಕ ಕೂರುವ ಮೊದಲೇ ಕೇಳಿದಳು.

ವಕೀಲೆ ಅವಳಿಗೆ ಕುರ್ಚಿ ಎಳೆದುಕೊಟ್ಟಳು. "ಇದೆ. ಕೂತ್ಕೊಳ್ಳಿ ಅಮ್ಮ. ನೀರು ಬೇಕಾ?"

ಹೇಳಿಕೆ ಅರ್ಧ ಪುಟವಿತ್ತು. ವರ್ಗಾವಣೆಯ ಆದೇಶ ಎಂಟನೆಯ ತಾರೀಕು ಶನಿವಾರವೇ ತನ್ನ ಕೈಗೆ ಬಂದಿತೆಂದೂ, ಅಂದೇ ಅದನ್ನು ರಿಜಿಸ್ಟರಿನಲ್ಲಿ ದಾಖಲು ಮಾಡಿದೆನೆಂದೂ, ನೌಕರಳ ದೂರಿನ ವಿಷಯ ಆಗ ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲವೆಂದೂ ಗುಮಾಸ್ತಣ್ಣ ಬರೆದಿದ್ದ. ಮುತ್ತು ಪೋಣಿಸಿದಂಥ ಅದೇ ಅಕ್ಷರ. ಕೆಳಗೆ ಸಹಿ. ಅವಳನ್ನು 'ಸದರಿ ನೌಕರಳು' ಎಂದು ಕರೆದಿದ್ದ.

ಅವಳು ಮತ್ತೊಮ್ಮೆ ಓದಿದಳು. "ಇದು ಅವನದಲ್ಲ," ಎಂದಳು. ಅಕ್ಷರ ಅವನದೇ ಎಂದು ಅವಳಿಗೆ ಗೊತ್ತಿತ್ತು.

"ಸತ್ತವರನ್ನ ಸವಾಲು ಕೇಳೋಕಾಗಲ್ಲ," ಎಂದಳು ವಕೀಲೆ. "ರಿಜಿಸ್ಟರ್ ಪುಟದ ನಕಲೂ ಇಟ್ಟಿದ್ದಾರೆ. ನಂಬರು ಸಾಲಾಗಿವೆ, ನಡುವೆ ತಿದ್ದಿಲ್ಲ, ಗೀಚಿಲ್ಲ. ಇದನ್ನ ಒಡೆಯೋಕೆ ನನ್ನ ಕೈಲಿ ಏನೂ ಇಲ್ಲ."

ಸೂಜಿ ಅಕ್ಕ ಆ ಪುಟವನ್ನು ಹತ್ತಿರ ಎಳೆದುಕೊಂಡಳು. ಕಾರ್ಖಾನೆಗೆ ಬಂದ ಕಾಗದ, ಅಲ್ಲಿಂದ ಹೋದ ಕಾಗದ, ಕೆಲಸಗಾರರ ರಜೆಯ ಚೀಟಿ, ಎಲ್ಲಕ್ಕೂ ಒಂದೇ ರಿಜಿಸ್ಟರು. ಸಾಲಿಗೊಂದು ನಂಬರು. ಗುಮಾಸ್ತಣ್ಣ ಶನಿವಾರ ಸಂಜೆಗೆ ಕೆಂಪು ಗೆರೆ ಎಳೆದು ವಾರ ಮುಗಿಸುತ್ತಿದ್ದ. ಅವಳ ಆದೇಶ ಇದ್ದದ್ದು ಆ ಕೆಂಪು ಗೆರೆಯ ನೆತ್ತಿಯ ಮೇಲೆ, ಶನಿವಾರದ ಕೊನೆಯ ಸಾಲಿನಲ್ಲಿ.

ಅವಳು ಅದರ ಮೇಲೆ ಬೆರಳಿಟ್ಟಳು.

ಆ ಸಾಲಿನ ವಿಷಯ ಹೊರಗಿನವರಿಗೆ ಗೊತ್ತಾಗುವಂಥದಲ್ಲ. ಮೂರು ದಿನ ಹೇಳದೆ ಕೇಳದೆ ತಪ್ಪಿಸಿಕೊಂಡರೆ ಕೆಲಸ ಹೋಗುತ್ತದೆ ಎಂಬುದು ಕಾರ್ಖಾನೆಯ ಕಾನೂನು. ಆದರೆ ಮಗುವಿಗೆ ಜ್ವರ ಬಂದಾಗ, ಗಂಡ ಬಿದ್ದಾಗ, ಚೀಟಿ ಬರೆದುಕೊಟ್ಟು ಹೋಗಲು ಯಾರಿಗೆ ಪುರುಸೊತ್ತು? ಅದಕ್ಕೆ ಗುಮಾಸ್ತಣ್ಣ ಪ್ರತಿ ಶನಿವಾರ ಕೆಂಪು ಗೆರೆಗೆ ಮೊದಲು ಒಂದು ಸಾಲು ಖಾಲಿ ಬಿಡುತ್ತಿದ್ದ. ನಂಬರು ಹಾಕಿ, ಮುಂದೆ ಏನೂ ಬರೆಯದೆ. ಮುಂದಿನ ವಾರ ಯಾರಾದರೂ ಅಳುತ್ತ ಬಂದರೆ, 'ಚೀಟಿ ಶನಿವಾರವೇ ಬಂದಿತ್ತು' ಎಂದು ಅಲ್ಲಿ ಸೇರಿಸುತ್ತಿದ್ದ. ಯಾರೂ ಬಾರದಿದ್ದರೆ ವರ್ಷದ ಕೊನೆಗೆ 'ರದ್ದು' ಎಂದು ಬರೆಯುತ್ತಿದ್ದ. ಎಷ್ಟೋ ಹೆಂಗಸರ ಅನ್ನ ಆ ಸಾಲಿನಲ್ಲಿ ಉಳಿದಿತ್ತು. ಎರಡು ವರ್ಷದ ಹಿಂದೆ, ಬೇರೆ ಊರಿನ ಆಸ್ಪತ್ರೆಯಲ್ಲಿ ತಾಯಿ ಸಾಯಲು ಬಿದ್ದಾಗ, ಸೂಜಿ ಅಕ್ಕನದೂ ಉಳಿದಿತ್ತು. ಅಂದು ಅವಳು ಕಿಟಕಿಯ ಸರಳು ಹಿಡಿದುಕೊಂಡು ಅವನಿಗೆ ಕೈ ಮುಗಿದಿದ್ದಳು.

ತಾಯಿಯ ಹಾಗೆ ಕಾಯ್ದ ಆ ಸಾಲನ್ನೇ ತಂದು ನನ್ನ ಕುತ್ತಿಗೆಗೆ ಬಿಗಿದನಲ್ಲ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹೇಳಿಕೆಯ ತಾರೀಕನ್ನು ಅವಳು ನೋಡಿದಳು. ಆ ದಿನ ಅವಳಿಗೆ ನೆನಪಿತ್ತು. ಅಂದು ಮಧ್ಯಾಹ್ನ ಅವನು, "ಧೂಳಲ್ಲಿ ಮೂಗು ಮುಚ್ಕೊ ತಂಗಿ, ಕೆಮ್ಮು ಜಾಸ್ತಿ ಆಗಿದೆ," ಎಂದಿದ್ದ. ಬೆಲ್ಲದ ಚೂರೊಂದನ್ನು ಅವಳ ಡಬ್ಬಿಗೆ ಹಾಕಿದ್ದ. ಅದನ್ನು ಅವಳು ತಿಂದಿದ್ದಳು.

"ಅಮ್ಮ? ಏನಾಯ್ತು?"

ಅವಳು ಹೇಳಿದಳು. ವಕೀಲೆ ಪೆನ್ನು ಕೆಳಗಿಟ್ಟು ಕೇಳಿದಳು. ಕೊನೆಗೆ, "ಇದನ್ನ ವಿಚಾರಣೆಯಲ್ಲಿ ಹೇಳ್ತೀರಾ?" ಎಂದಳು. "ಹೇಳಿದ್ರೆ ನಿಮ್ಮ ಚೀಟಿಯ ವಿಷಯವೂ ಹೊರಗೆ ಬರುತ್ತೆ. ಸುಳ್ಳು ತಾರೀಕು ಹಾಕಿಸಿದ್ದು ನೀವೂ ಹೌದು ಅಂತ ಒಪ್ಪಿಕೊಳ್ಳಬೇಕಾಗುತ್ತೆ. ಹೇಳದೆ ಇದ್ರೆ ಚೂರಿನ ಕೋಣೆ ಖಾಯಂ. ಯೋಚನೆ ಮಾಡಿ."

ಮಾರನೆಯ ದಿನ ನಲ್ಲಿಯ ಬಳಿ ಹೊಲಿಗೆಯ ಹೆಂಗಸರು ಕೈ ತೊಳೆಯುತ್ತಿದ್ದಾಗ ಅವಳು ಮೆಲ್ಲಗೆ ಮಾತು ತೆಗೆದಳು. ಬಾಯಿ ಮುಚ್ಚದ ಕಾರಣ ರೇಡಿಯೊ ಎಂದು ಹೆಸರು ಪಡೆದ ಹೆಂಗಸು ಅಂದು ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿದಳು. ಕೇಳಿ ಮುಗಿದ ಮೇಲೆ ಸಿಡಿದಳು.

"ನಿನಗೆ ತಲೆ ಕೆಟ್ಟಿದ್ಯಾ ಅಕ್ಕ? ಮಣ್ಣು ಒಣಗಿಲ್ಲ, ಅಷ್ಟರಲ್ಲೇ ಸತ್ತವನ ಮೇಲೆ ಗೂಬೆ ಕೂರಿಸ್ತೀಯಾ? ನನ್ನ ಹೆರಿಗೆ ಹೊತ್ತಲ್ಲಿ ಆ ಸಾಲು ಇಲ್ದೇ ಹೋಗಿದ್ರೆ ನಾನೀಗ ಬೀದೀಲಿ ಇರ್ತಿದ್ದೆ!"

"ನಿನ್ನ ಹೆಸರು ನಾನು ಹೇಳಲ್ಲ."

"ಸಾಲು ತೋರಿಸಿದ್ಮೇಲೆ ಹೆಸರು ಯಾಕೆ ಹೇಳ್ಬೇಕು? ಕಣ್ಣಿಲ್ವಾ ಅವರಿಗೆ? ಒಂದು ಕುರ್ಚಿಗೋಸ್ಕರ ಹದಿನೆಂಟು ಜನರ ಹೊಟ್ಟೆ ಮೇಲೆ ಹೊಡೀಬೇಡ. ಅಣ್ಣ ಅಣ್ಣ ಅಂತ ಅವನ ಡಬ್ಬಿ ಖಾಲಿ ಮಾಡಿದವಳೂ ನೀನೇ, ಈಗ..."

"ಹೌದು, ನಾನೇ," ಎಂದಳು ಸೂಜಿ ಅಕ್ಕ. "ಅದಕ್ಕೇ ನನಗೆ ಗಂಟಲಲ್ಲಿ ಇಳೀತಾ ಇಲ್ಲ."

ಒಬ್ಬೊಬ್ಬರಾಗಿ ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ನಲ್ಲಿಯನ್ನು ಕೊನೆಗೆ ನಿಲ್ಲಿಸಿದವಳು ಸೂಜಿ ಅಕ್ಕ.

ಅಂದು ರಾತ್ರಿಯ ಊಟಕ್ಕೆ ಕುಳಿತಾಗ ಗಂಡ ಹೇಳಿದ: "ಸುಮ್ನಿದ್ದುಬಿಡು ಅಂತ ಹೇಳೋಕೆ ಬಾಯಿಗೆ ಬರ್ತಿದೆ. ಆದ್ರೆ ಸುಮ್ನಿದ್ರೆ ನೀನು ಆ ಧೂಳಲ್ಲೇ ಸಾಯ್ತೀಯ. ನಿಜ ಹೇಳಿದ್ರೆ ಜನ ಬೈತಾರೆ. ಬೈಗುಳಕ್ಕೆ ಕೆಮ್ಮು ಬರಲ್ಲ." ಅವಳು ಆ ನೋವಿನಲ್ಲೂ ನಕ್ಕಳು. ನಕ್ಕದ್ದೇ ಅಳುವಾಯಿತು.

ಆದರೆ ಒಬ್ಬರಿಗೆ ಹೇಳದೆ ಮಾಡುವುದು ಅವಳಿಂದ ಆಗಲಿಲ್ಲ. ವಿಚಾರಣೆಗೆ ಎರಡು ದಿನ ಮೊದಲು ಅತ್ತಿಗೆಯ ಮನೆಗೆ ಹೋದಳು. ಅತ್ತಿಗೆ ಅವನ ಅಂಗಿಗಳನ್ನು ಮಡಿಸಿ ಮಡಿಸಿ ಮೇಜಿನ ಮೇಲೆ ಇಡುತ್ತಿದ್ದಳು. ಅವಳನ್ನು ಕಂಡು ಮುಖ ಅರಳಿತು. "ಬಾ ತಂಗಿ. ನಾಡಿದ್ದು ಅಲ್ವಾ? ನಿಮ್ಮಣ್ಣನ ಹೇಳಿಕೆ ಇದೆ, ಹೆದರಬೇಡ."

"ಅತ್ತಿಗೆ, ಆ ಹೇಳಿಕೆ ನನ್ನ ಪರ ಅಲ್ಲ."

ಅವಳು ನಕಲನ್ನು ಮೇಜಿನ ಮೇಲಿಟ್ಟಳು. ಅತ್ತಿಗೆ ನಿಂತೇ ಓದಿದಳು. ಓದುವಾಗ ಅವಳ ತುಟಿ ಅಲುಗಾಡುತ್ತಿತ್ತು. ಒಂದು ಸಾಲಿನಲ್ಲಿ ತಡೆದು, ಮೇಲಿನಿಂದ ಮತ್ತೆ ಓದಿದಳು.

"ಬಲವಂತವಾಗಿ ಬರೆಸಿರ್ತಾರೆ," ಎಂದಳು.

"ಇರಬಹುದು."

"ಆ ಎರಡು ವರ್ಷ..." ಅತ್ತಿಗೆಯ ಮಾತು ಅಲ್ಲಿಗೇ ನಿಂತಿತು. ಒಗೆಯುವಾಗ ಜೇಬಿನಲ್ಲಿ ಸಿಕ್ಕ ಕಾಗದದ ಅರ್ಥ ಅವಳಿಗೆ ಆಗ ತಿಳಿಯಿತು. ಮುಖ ಕಲ್ಲಾಯಿತು. "ಇದನ್ನ ತಂದು ನನಗೆ ಯಾಕೆ ತೋರಿಸಿದೆ? ನಲವತ್ತು ವರ್ಷ ಬಾಳಿದ ಗಂಡ. ನನ್ನ ಹತ್ತಿರ ಉಳಿದಿರೋದು ಅವರು ಒಳ್ಳೆಯವರು ಅನ್ನೋ ಮಾತು ಒಂದೇ. ಅದನ್ನೂ ಕಿತ್ಕೊಂಡೆಯಲ್ಲ."

"ಬೇರೆಯವರ ಬಾಯಿಂದ ಕೇಳಬಾರದು ಅಂತ ಬಂದೆ ಅತ್ತಿಗೆ. ಹೇಳೋಕೆ ಹೋಗ್ತಾ ಇದ್ದೀನಿ ಅಂತ ಹೇಳೋಕೆ ಬಂದೆ."

"ಹೇಳು. ಹೇಳಬೇಡ ಅಂತ ತಡೆಯೋಕೆ ನನಗೆ ಬಾಯಿಲ್ಲ. ಆದ್ರೆ ಇನ್ನು ಮೇಲೆ ಈ ಹೊಸ್ತಿಲು ತುಳೀಬೇಡ."

ವಿಚಾರಣೆಯ ಕೋಣೆ ಚಿಕ್ಕದು. ಉದ್ದನೆಯ ಮೇಜು, ಒಂದು ಫ್ಯಾನು, ಗೋಡೆಗೆ ಒರಗಿಸಿಟ್ಟ ಕಡತಗಳ ಕಂತೆ. ಬೈಂಡು ಕಿತ್ತುಹೋದ ಕಡತಗಳನ್ನು ಕಂಡು ಸೂಜಿ ಅಕ್ಕನ ಕೈ ತಾನಾಗಿ ತುರಿಸಿತು. ವಿಚಾರಣಾಧಿಕಾರಿ ನರೆತ ಕೂದಲಿನ ಹೆಂಗಸು. ನಗಲೂ ಇಲ್ಲ, ಗದರಲೂ ಇಲ್ಲ. ಎದುರಿಗೆ ಮ್ಯಾನೇಜರ್ ಮತ್ತು ಕಾರ್ಖಾನೆಯ ವಕೀಲ. ಮೂಲ ರಿಜಿಸ್ಟರು ಮೇಜಿನ ಮೇಲಿತ್ತು.

ಕಾರ್ಖಾನೆಯ ವಕೀಲ ಹೇಳಿಕೆಯನ್ನು ಗಟ್ಟಿಯಾಗಿ ಓದಿದ. "ಈ ಗುಮಾಸ್ತರು ಆಕೆಗೆ ಅಣ್ಣನಿದ್ದಂತೆ ಅಂತ ಆಕೆಯೇ ಎಲ್ಲರ ಹತ್ರ ಹೇಳ್ತಾರೆ. ಅಣ್ಣನೇ ತಂಗಿಯ ವಿರುದ್ಧ ಸುಳ್ಳು ಬರೀತಾನಾ ಮೇಡಂ?" ಎಂದು ಕೇಳಿ ಕುಳಿತ.

ಆ ಪ್ರಶ್ನೆ ಅವಳ ಎದೆಯನ್ನು ಎಂಟು ದಿನದಿಂದ ಕೊರೆಯುತ್ತಿದ್ದದ್ದೇ.

"ನೀವು ಏನು ಹೇಳ್ತೀರಿ?" ಎಂದರು ಅಧಿಕಾರಿ.

ಅವಳು ಎದ್ದು ನಿಂತಳು. ಮೊದಲು ಕೆಮ್ಮು ಬಂತು. ಆಮೇಲೆ ಹೇಳಿದಳು. ಶನಿವಾರದ ಕೊನೆಯ ಸಾಲು ಏಕೆ ಖಾಲಿ ಇರುತ್ತಿತ್ತು, ಯಾವಾಗ ತುಂಬುತ್ತಿತ್ತು, ಎಲ್ಲ. ಯಾರ ಹೆಸರನ್ನೂ ಹೇಳಲಿಲ್ಲ, ಒಂದರ ಹೊರತು.

"ಎರಡು ವರ್ಷದ ಹಿಂದಿನ ಪುಟ ತೆಗೀರಿ ಮೇಡಂ. ನನ್ನ ರಜೆಯ ಚೀಟಿ ಶನಿವಾರ ನಾನೇ ತಂದುಕೊಟ್ಟೆ ಅಂತ ಬರೆದಿದೆ. ಆ ಶನಿವಾರ ನಾನು ಈ ಊರಲ್ಲೇ ಇರಲಿಲ್ಲ. ಇದು ನನ್ನ ತಾಯಿ ಇದ್ದ ಆಸ್ಪತ್ರೆಯ ಚೀಟಿ. ರೋಗಿಯ ಜೊತೆಗಿರೋವರು ಅಂತ ಶುಕ್ರವಾರದಿಂದ ಸೋಮವಾರದವರೆಗೆ ನನ್ನ ಸಹಿ ಇದೆ. ಆ ಸಾಲು ಸುಳ್ಳು. ನನಗೋಸ್ಕರ ಹೇಳಿದ ಸುಳ್ಳು. ಈ ಆದೇಶದ ಸಾಲು ನನ್ನ ವಿರುದ್ಧ ಹೇಳಿದ ಸುಳ್ಳು. ಎರಡೂ ಒಂದೇ ಕೈಯದು."

ಅಧಿಕಾರಿ ಪುಟ ತಿರುಗಿಸಿದರು. ಒಂದೊಂದು ಕೆಂಪು ಗೆರೆಯ ಮೇಲೂ ಬೆರಳಿಟ್ಟು ನೋಡಿದರು. ರದ್ದು, ರದ್ದು, ರಜೆಯ ಚೀಟಿ, ರದ್ದು; ಈ ವರ್ಷದ ಕೆಲವು ಸಾಲು ಇನ್ನೂ ಖಾಲಿ. ರಜೆಯ ಚೀಟಿಯಲ್ಲದೆ ಆ ಸಾಲಿನಲ್ಲಿ ಕುಳಿತ ಬೇರೆ ಕಾಗದ ಒಂದೇ: ಅವಳ ಆದೇಶ.

ಮ್ಯಾನೇಜರಿಗೆ ತಡೆಯಲಾಗಲಿಲ್ಲ. "ಆ ಸಾಲು ಬಿಡಬೇಡ, ಬಿಡಬೇಡ ಅಂತ ಆ ಮನುಷ್ಯನಿಗೆ ನಾನೇ ಹತ್ತು ಸಲ ಹೇಳಿದ್ದೆ ಮೇಡಂ! ಈ ಹೆಂಗಸರ ಕಣ್ಣೀರಿಗೆ ಕರಗಿ..."

ವಕೀಲ ಅವನ ತೋಳು ಹಿಡಿದ. ಹೊತ್ತು ಮೀರಿತ್ತು.

"ಅಂದರೆ ಅಂಥ ಸಾಲು ಇತ್ತು ಅಂತ ನಿಮಗೆ ಗೊತ್ತಿತ್ತು," ಎಂದರು ಅಧಿಕಾರಿ, ಬರೆದುಕೊಳ್ಳುತ್ತ. "ಎಂಟನೇ ತಾರೀಕಿನ ಆದೇಶವನ್ನ ಇಪ್ಪತ್ತರವರೆಗೆ ಯಾಕೆ ಕೊಡಲಿಲ್ಲ? ಹನ್ನೆರಡು ದಿನ ಎಲ್ಲಿತ್ತು ಕಾಗದ?"

ಮ್ಯಾನೇಜರ್ ಉತ್ತರ ಕೊಟ್ಟ. ಇನ್ನೊಂದು ಸಲ ಕೇಳಿದಾಗ ಬೇರೆ ಉತ್ತರ ಕೊಟ್ಟ. ಕಾರ್ಖಾನೆಯ ವಕೀಲ ಎದ್ದು, ಸುಳ್ಳು ಚೀಟಿ ಕೊಟ್ಟ ನೌಕರಳ ಮೇಲೆ ಮೊದಲು ಕ್ರಮ ಆಗಬೇಕು ಎಂದ.

ಅಧಿಕಾರಿ ಆಗ ಮೊದಲ ಬಾರಿ ಧ್ವನಿ ಏರಿಸಿದರು. "ಈ ಕೋಣೆಯಲ್ಲಿ ನಿಜ ಹೇಳಿದ್ದಕ್ಕೆ ಆಕೆಯನ್ನಾಗಲಿ, ಆ ಸಾಲಲ್ಲಿ ಹೆಸರಿರೋ ಬೇರೆ ಯಾರನ್ನೇ ಆಗಲಿ ಮುಟ್ಟಿದರೆ, ಅದು ಇನ್ನೊಂದು ಸೇಡು. ಇನ್ನೊಂದು ಕೇಸು. ಅದನ್ನೂ ನಾನೇ ಕೇಳ್ತೀನಿ."

ಎಂಟು ದಿನಕ್ಕೆ ತೀರ್ಪಿನ ಕಾಗದ ಬಂತು. ವರ್ಗಾವಣೆ ಸೇಡಿನದು, ಅದನ್ನು ರದ್ದು ಮಾಡಿದೆ, ಹೊಲಿಗೆಯ ಮೇಜನ್ನು ಕೂಡಲೇ ಹಿಂದಿರುಗಿಸಬೇಕು ಎಂದಿತ್ತು. ಮೇಲ್ವಿಚಾರಕರ ಕುರ್ಚಿಯ ವಿಷಯ ಇನ್ನೂ ನಡೆಯಬೇಕು. ಅದಕ್ಕೆ ಬೇರೆ ತಾರೀಕು. "ಅರ್ಧ ಗೆದ್ದಿದ್ದೀರಿ," ಎಂದು ವಕೀಲೆ ಕೈ ಕುಲುಕಿದಳು. ಸೂಜಿ ಅಕ್ಕನಿಗೆ ಗೆದ್ದ ಹಾಗೆ ಅನ್ನಿಸಲಿಲ್ಲ.

ಸೋಮವಾರ ಅವಳು ಗಂಟೆ ಬಾರಿಸುವ ಮೊದಲೇ ಹೋಗಿ ತನ್ನ ಮೇಜಿನ ಬಳಿ ಕುಳಿತಳು. ರೇಡಿಯೊ ಬಂದು ಪಕ್ಕದ ಸ್ಟೂಲಿನಲ್ಲಿ ಕುಳಿತಳು. ಸೂಜಿಗೆ ದಾರ ಪೋಣಿಸುತ್ತ, "ನಮ್ಮನ್ನ ಯಾರೂ ಏನೂ ಕೇಳಲಿಲ್ಲ," ಎಂದಳು. ಆಮೇಲೆ, "ಅವನು ನನಗೆ ಒಳ್ಳೇದೇ ಮಾಡಿದ ಅಕ್ಕ. ನಾನು ಬೈಯಲಾರೆ."

"ಬೈ ಅಂತ ನಾನೆಲ್ಲಿ ಹೇಳಿದೆ? ನನಗೂ ಮಾಡಿದ್ದ."

ಕಚೇರಿಯ ಕಿಟಕಿಯ ಆಚೆ ಹೊಸ ಗುಮಾಸ್ತ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಇನ್ನು ಯಾವ ವಾರದಲ್ಲೂ ಖಾಲಿ ಸಾಲು ಇರುವುದಿಲ್ಲ. ಮಗುವಿಗೆ ಜ್ವರ ಬಂದ ತಾಯಿಗೆ ಇನ್ನು ಯಾರು ದಿಕ್ಕು ಎಂದು ಅವಳು ಯೋಚಿಸಿದಳು. ಆ ಭಾರವನ್ನೂ ಅವನು ನನ್ನ ತಲೆಗೇ ಕಟ್ಟಿ ಹೋದ ಎಂದುಕೊಂಡಳು. ಸಿಟ್ಟು ಹೊಗೆಯ ಹಾಗೆ ಎದ್ದಿತು. ಎದುರಿಗಿದ್ದಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು: ಹೆದರಿಕೆಗೆ ಮಾಡಿದೆಯಾ, ಆಸೆಗೆ ಮಾಡಿದೆಯಾ? ನನಗೆ ಬಂದು ಒಂದು ಮಾತು ಹೇಳಿದ್ದರೆ ನಾನು ದೂರನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆನೋ ಏನೋ. ಕೇಳಲು ಅವನಿಲ್ಲ. ಹೇಳಿಕೆ ಬರೆದ ಸಂಜೆ ಅವನು ಉಣ್ಣಲಿಲ್ಲ ಎಂಬುದೊಂದೇ ಅವಳಿಗೆ ಸಿಕ್ಕ ಉತ್ತರ. ಅದನ್ನೇ ಹಿಡಿದುಕೊಂಡು ಎಷ್ಟೋ ದಿನ ಕಳೆದಿದ್ದಳು. ಅದು ಸಾಲದು. ಆದರೆ ಅದು ಸುಳ್ಳೂ ಅಲ್ಲ.

ಗಂಟೆ ಹೊಡೆಯಲು ಇನ್ನೂ ಐದು ನಿಮಿಷವಿತ್ತು. ಅವಳು ಕೈ ಜೋಡಿಸಿ ಕಣ್ಣು ಮುಚ್ಚಿದಳು. ಆ ಹೇಳಿಕೆ ಓದಿದ ದಿನದಿಂದ ಅವನಿಗಾಗಿ ಬೇಡಲು ಕುಳಿತಾಗಲೆಲ್ಲ ನಾಲಿಗೆ ಏಳುತ್ತಿರಲಿಲ್ಲ. ಇಂದು ತುಟಿ ಅಲುಗಿತು.

'ದೇವರೇ, ಅವನು ನನ್ನನ್ನು ಮಾರಿಕೊಂಡ. ನೀನು ನೋಡಿದ್ದೀಯೆ. ಮರೆತುಬಿಟ್ಟೆ ಎಂದು ನಿನ್ನ ಮುಂದೆ ಸುಳ್ಳು ಹೇಳಲಾರೆ, ನನಗೆ ಮರೆವು ಬಂದಿಲ್ಲ. ಈ ನೋವು ನನ್ನದು, ನಾನು ಹೊತ್ತುಕೊಳ್ಳುತ್ತೇನೆ. ಅದರ ಭಾರವನ್ನು ಅವನ ಮೇಲೆ ಹಾಕಬೇಡ. ಹಸಿದು ಮಲಗಿದ ಆ ಸಂಜೆಯನ್ನು ಲೆಕ್ಕಕ್ಕೆ ಹಿಡಿ. ಅಳುತ್ತ ಬಂದ ಹೆಂಗಸರ ಕಣ್ಣೊರೆಸಿದ ಕೈಯನ್ನು ನೆನೆ. ಬಾಗಿಲು ಹಾಕಿಕೊಂಡ ನನ್ನ ಅತ್ತಿಗೆಗೆ ನಿದ್ದೆ ಕೊಡು. ನನ್ನ ಅಣ್ಣ ಹೆದರಿದ ಜೀವ, ತಂದೆಯೇ. ಇನ್ನು ಅವನನ್ನು ಯಾರೂ ಹೆದರಿಸದ ಕಡೆ ಇಡು. ಅವನ ಆತ್ಮಕ್ಕೆ ಶಾಂತಿ ಕೊಡು.'